ಎಲ್ಲೋ ಯುದ್ಧ, ಮುಂಬೈಯಲ್ಲಿ ಲೆಕ್ಕ

2023ರ ಡಿಸೆಂಬರ್ 23, ಶನಿವಾರ. ಸೌದಿ ಅರೇಬಿಯದ ಜುಬೈಲ್‌ನಿಂದ ಹೊರಟು ಮಂಗಳೂರಿಗೆ ಬರುತ್ತಿದ್ದ 'ಕೆಮ್ ಪ್ಲೂಟೊ' ಎಂಬ ಟ್ಯಾಂಕರ್ ಹಡಗಿಗೆ ಪೋರಬಂದರಿನಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ ಡ್ರೋನ್ ಒಂದು ಬಂದು ಬಡಿಯಿತು. ಬೆಂಕಿ ಹತ್ತಿತು. ಹಡಗಿನವರೇ ಆರಿಸಿದರು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಕೋಸ್ಟ್ ಗಾರ್ಡಿನ 'ವಿಕ್ರಮ್' ಬೆಂಗಾವಲಿಗೆ ಬಂತು. ಮಂಗಳೂರಿನ ಪಣಂಬೂರಿನಲ್ಲಿ ನಿಲ್ಲಬೇಕಿದ್ದ ಹಡಗು ಕ್ರಿಸ್‌ಮಸ್ ದಿನ ಮುಂಬೈಯ ಹೊರಬಂದರಿನಲ್ಲಿ ಲಂಗರು ಹಾಕಿತು. ನೌಕಾಪಡೆಯ ಸ್ಫೋಟಕ ತಜ್ಞರು ಹತ್ತಿ, ತೂತು ಬಿದ್ದ ಜಾಗವನ್ನೂ ಚೂರುಗಳನ್ನೂ ಪರೀಕ್ಷಿಸಿದರು.

ಡ್ರೋನ್ ಹಾರಿಬಂದದ್ದು ಇರಾನಿನಿಂದ ಎಂದಿತು ಪೆಂಟಗನ್. ಇರಾನ್ ಅಲ್ಲಗಳೆಯಿತು. ಹಡಗಿನ ಜಾತಕ ಬಿಡಿಸಿದರೆ ಗೊಂದಲ ಇನ್ನಷ್ಟು: ಬಾವುಟ ಲೈಬೀರಿಯದ್ದು, ಮಾಲೀಕರು ಜಪಾನಿನವರು, ನಡೆಸುವ ಕಂಪನಿ ನೆದರ್‌ಲ್ಯಾಂಡ್ಸಿನದು, ದುಡಿಯುವ ಸುಮಾರು ಇಪ್ಪತ್ತು ಮಂದಿಯಲ್ಲಿ ಬಹುಪಾಲು ಭಾರತೀಯರು. ಜಗಳ ಗಾಜಾದ್ದು, ಪೆಟ್ಟು ಮಂಗಳೂರಿಗೆ ಹೊರಟ ಹಡಗಿಗೆ, ಪಂಚನಾಮೆ ಮುಂಬೈಯಲ್ಲಿ. ನಾಲ್ಕು ತಿಂಗಳೂ ಕಳೆಯಲಿಲ್ಲ, 2024ರ ಏಪ್ರಿಲ್ 13ರಂದು ಹಾರ್ಮುಜ್ ಬಳಿ ಇರಾನಿನ ಕಮಾಂಡೊಗಳು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಇಳಿದು 'ಎಂಎಸ್‌ಸಿ ಏರೀಸ್' ಹಡಗನ್ನು ವಶಪಡಿಸಿಕೊಂಡರು. ಅದು ಬರುತ್ತಿದ್ದುದು ನವಿ ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿಗೆ. ಅದರ 25 ಸಿಬ್ಬಂದಿಯಲ್ಲಿ 17 ಮಂದಿ ಭಾರತೀಯರು.

ದೊಡ್ಡ ದೇಶಗಳ ಹಗೆ ಇಂದು ಜನರ ಬದುಕಿಗೆ ತಾಗುವ ರೀತಿ ಇದು. ಟಿವಿ ಸ್ಟುಡಿಯೊಗಳಲ್ಲಿ ಮೂರನೇ ಮಹಾಯುದ್ಧಕ್ಕೆ ಮುಹೂರ್ತ ಇಡುವವರು ಕ್ಷಿಪಣಿ, ಬಾಂಬರ್, ಬೂದಿಯಾಗುವ ನಗರಗಳ ಗ್ರಾಫಿಕ್ಸ್ ತೋರಿಸುತ್ತಾರೆ. ಆ ಭಯಕ್ಕೆ ಕಾರಣ ಇಲ್ಲವೆಂದಲ್ಲ. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನ ಸೇನಾವೆಚ್ಚ 2.7 ಲಕ್ಷ ಕೋಟಿ ಡಾಲರ್ ದಾಟಿತು. ಒಂದೇ ವರ್ಷದಲ್ಲಿ ಶೇ 9.4ರ ಏರಿಕೆ. ಅಮೆರಿಕ ಮತ್ತು ರಷ್ಯ ತಲಾ 1,550ಕ್ಕಿಂತ ಹೆಚ್ಚು ಪರಮಾಣು ಸಿಡಿತಲೆಗಳನ್ನು ಸನ್ನದ್ಧ ಇಡಬಾರದೆಂದು ಕಟ್ಟಿಹಾಕಿದ್ದ 'ನ್ಯೂ ಸ್ಟಾರ್ಟ್' ಒಪ್ಪಂದದ ಅವಧಿ 2026ರ ಫೆಬ್ರವರಿ 5ಕ್ಕೆ ಮುಗಿಯಿತು. ಆದರೆ ಮುಂಬೈಯಲ್ಲಿ ಕೂತು ನೋಡುವವರಿಗೆ ಕಾಣುವ ಯುದ್ಧವೇ ಬೇರೆ. ಅದು ವಿಮೆಯ ಕಂತಿನಲ್ಲಿ, ಹಡಗಿನ ಬಾಡಿಗೆಯಲ್ಲಿ, ಗ್ಯಾಸ್ ಸಿಲಿಂಡರಿನ ದರದಲ್ಲಿ, ಚಿನ್ನದ ಗಟ್ಟಿಯಲ್ಲಿ ಬರುತ್ತದೆ. ಈ ಊರಿಗೆ ಅದು ಹೊಸದೂ ಅಲ್ಲ. ಬೇರೆಯವರ ಯುದ್ಧದಿಂದ ಮುಂಬೈ ಮೊದಲು ಹಣ ಮಾಡಿಕೊಂಡಿದೆ, ಆಮೇಲೆ ಬಡ್ಡಿ ಸಮೇತ ತೆತ್ತಿದೆ. ಈಗಿನ ಕಾಲವನ್ನು ಅರ್ಥಮಾಡಿಕೊಳ್ಳಲು ಆ ಹಳೆಯ ಖಾತೆಯನ್ನು ತೆರೆಯಬೇಕು.

ಮೊದಲು ವಿಮೆ. ಹಡಗಿಗೆ ಮಾಮೂಲಿ ವಿಮೆ ಒಂದಾದರೆ, ಅಪಾಯದ ನೀರಿಗೆ ಇಳಿಯುವಾಗ ಕಟ್ಟುವ ಯುದ್ಧವಿಮೆ ಇನ್ನೊಂದು. ಯಾವ ಕಡಲು ಅಪಾಯದ್ದೆಂದು ಪಟ್ಟಿ ಮಾಡುವುದು ಲಂಡನ್ನಿನ ವಿಮಾ ಮಾರುಕಟ್ಟೆಯ ಒಂದು ಸಮಿತಿ. ಯೆಮೆನಿನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗೆ ಇಳಿಯುವ ಮೊದಲು ಈ ಕಂತು ನಗಣ್ಯ. 2024ರ ಆರಂಭದಲ್ಲಿ ಅದು ಹಡಗಿನ ಬೆಲೆಯ ಶೇ 0.7ರಿಂದ 1ರವರೆಗೆ ಹೋಯಿತು. 10 ಕೋಟಿ ಡಾಲರಿನ ಹಡಗಿಗೆ ಶೇ 1 ಎಂದರೆ ಒಂದು ಸಲ ಹಾದುಹೋಗಲು 10 ಲಕ್ಷ ಡಾಲರ್. ಅಷ್ಟು ತೆರುವುದಕ್ಕಿಂತ ಆಫ್ರಿಕದ ದಕ್ಷಿಣ ತುದಿ ಸುತ್ತಿಕೊಂಡು ಹೋಗುವುದೇ ವಾಸಿ ಎಂದು ಹೆಚ್ಚಿನ ಕಂಪನಿಗಳು ತೀರ್ಮಾನಿಸಿದವು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚು ಪಯಣ, ಅಷ್ಟು ದಿನದ ಇಂಧನ, ಅಷ್ಟು ದಿನ ಸಿಗದ ಖಾಲಿ ಕಂಟೇನರ್. ನಾಸಿಕದ ದ್ರಾಕ್ಷಿ ನ್ಹಾವಾ ಶೇವಾದಿಂದ ತಂಪು ಕಂಟೇನರಿನಲ್ಲಿ ಯುರೋಪಿಗೆ ಹೊರಡುವುದು ಜನವರಿಯಿಂದ ಏಪ್ರಿಲ್‌ವರೆಗೆ. ಆ ವರ್ಷ ಬಳ್ಳಿಯಿಂದ ಕೊಯ್ದ ಹಣ್ಣು ಗುಡ್‌ಹೋಪ್ ಭೂಶಿರದ ಪ್ರದಕ್ಷಿಣೆ ಮುಗಿಸಿ ರಾಟರ್‌ಡ್ಯಾಮ್ ತಲುಪಬೇಕಾಯಿತು. ಯೆಮೆನಿನ ಗುಡ್ಡದಲ್ಲಿ ಕೂತ ಹೂಥಿಯ ಹೆಸರನ್ನೂ ಕೇಳಿರದ ರೈತನ ಹಣ ಅಷ್ಟು ದಿನ ಕಡಲಿನಲ್ಲೇ ಉಳಿಯಿತು.

ಮುಂಬೈಗೆ ಯುದ್ಧ ಮೈಮೇಲೆ ಬಂದ ದಿನವೂ ಒಂದಿದೆ. ತಂದದ್ದು ಶತ್ರುವಲ್ಲ.

1944ರ ಏಪ್ರಿಲ್ 14. ವಿಕ್ಟೋರಿಯಾ ಡಾಕಿನ ಒಂದನೇ ಬರ್ತಿನಲ್ಲಿ 'ಫೋರ್ಟ್ ಸ್ಟಿಕೈನ್' ನಿಂತಿತ್ತು. ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟಾಗ ಅದರೊಳಗಿದ್ದುದು ಸುಮಾರು 1,400 ಟನ್ ಸ್ಫೋಟಕ, ಬಿಡಿಭಾಗಗಳಾಗಿ ಕಟ್ಟಿಟ್ಟ ಯುದ್ಧವಿಮಾನಗಳು ಮತ್ತು 31 ಪೆಟ್ಟಿಗೆಗಳಲ್ಲಿ 124 ಚಿನ್ನದ ಗಟ್ಟಿ. ಚಿನ್ನ ರಿಸರ್ವ್ ಬ್ಯಾಂಕಿಗೆ ಸೇರಬೇಕಾದದ್ದು. ಯುದ್ಧದ ಹಣದುಬ್ಬರದಲ್ಲಿ ರೂಪಾಯಿಯನ್ನು ಎತ್ತಿ ನಿಲ್ಲಿಸಲು ಬಂದದ್ದು. ದಾರಿಯಲ್ಲಿ ಕರಾಚಿಯಲ್ಲಿ ಒಂದಷ್ಟು ಸರಕು ಇಳಿಸಿ, ಖಾಲಿಯಾದ ಜಾಗಕ್ಕೆ ಸುಮಾರು 8,700 ಬೇಲ್ ಹತ್ತಿ, ಎಣ್ಣೆಯ ಪೀಪಾಯಿ, ಗಂಧಕ, ರಾಳ, ಮೀನುಗೊಬ್ಬರ ತುಂಬಿದರು. ಸ್ಫೋಟಕದ ನೆರೆಯಲ್ಲೇ ಹತ್ತಿ. ಯುದ್ಧಕಾಲ, ಹಡಗುಗಳ ಅಭಾವ, ಜಾಗ ಖಾಲಿ ಬಿಡಬಾರದೆಂಬ ಅವಸರ. ಅಪಾಯದ ಸರಕಿದೆ ಎಂದು ಸಾರುವ ಕೆಂಪು ಬಾವುಟವನ್ನೂ ಮುಂಬೈಯಲ್ಲಿ ಏರಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎರಡನೇ ಹೋಲ್ಡಿನಿಂದ ಹೊಗೆ ಕಂಡಿತು. ಅಗ್ನಿಶಾಮಕ ದಳದವರು ನೂರಾರು ಟನ್ ನೀರು ಸುರಿದರೂ ಬೆಂಕಿಯ ಮೂಲ ಸಿಗಲಿಲ್ಲ. ಹಡಗನ್ನು ಡಾಕಿನಿಂದ ಹೊರಗೆ ಎಳೆಯಬೇಕೆ, ಇದ್ದಲ್ಲೇ ಮುಳುಗಿಸಬೇಕೆ ಎಂಬ ತೀರ್ಮಾನ ಯಾರಿಂದಲೂ ಆಗಲಿಲ್ಲ. ಸಂಜೆ 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ. ಅರ್ಧ ಗಂಟೆ ಕಳೆದು ಎರಡನೆಯದು. ನೂರಾರು ಮೈಲಿ ಆಚೆ, ಶಿಮ್ಲಾದ ಭೂಕಂಪ ಮಾಪಕದ ಮುಳ್ಳು ಅಲುಗಿತು. ಪಕ್ಕದ 'ಜಲಪದ್ಮ' ಹಡಗಿನ ಹಿಂಭಾಗವನ್ನು ಅಲೆ ಎತ್ತಿ ದಡದ ಶೆಡ್ಡಿನ ಮೇಲೆ ಒಗೆಯಿತು. ಉರಿಯುವ ಹತ್ತಿಯ ಉಂಡೆಗಳು ಮಸ್ಜಿದ್ ಬಂದರ್, ಮಾಂಡವಿಯ ಗುಡಿಸಲು, ಗೋದಾಮುಗಳ ಮೇಲೆ ಉದುರಿದವು. ಸತ್ತವರ ಲೆಕ್ಕ 800ರಿಂದ 1,300ರವರೆಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಗ್ನಿಶಾಮಕ ದಳದಲ್ಲೇ 66 ಮಂದಿ. ಪ್ರತಿವರ್ಷ ಏಪ್ರಿಲ್ 14ರಿಂದ ದೇಶದೆಲ್ಲೆಡೆ ಆಚರಿಸುವ ಅಗ್ನಿಶಾಮಕ ಸಪ್ತಾಹ ಇವರ ನೆನಪಿನದು. ಒಂದು ಚಿನ್ನದ ಗಟ್ಟಿ ಮೈಲಿಗೂ ದೂರ ಹಾರಿ ಪಾರ್ಸಿ ಗೃಹಸ್ಥರೊಬ್ಬರ ಮನೆಗೆ ಬಿತ್ತು. ಅವರು ಅದನ್ನು ಸರಕಾರಕ್ಕೆ ಒಪ್ಪಿಸಿದರು. ಡಾಕಿನ ಹೂಳೆತ್ತುವಾಗ ಕೆಲವು ಗಟ್ಟಿಗಳು ದಶಕಗಳ ನಂತರವೂ ಸಿಕ್ಕಿವೆ.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಸರಕಾರ ಸುದ್ದಿಗೆ ಸೆನ್ಸಾರ್ ಹಾಕಿತು. ಊರಿಗೆ ಊರೇ ಉರಿಯುತ್ತಿದ್ದರೂ ಪತ್ರಿಕೆಗಳು ಪೂರ್ತಿ ವರದಿ ಮಾಡಲು ಮೇ ತಿಂಗಳವರೆಗೆ ಕಾಯಬೇಕಾಯಿತು. ಹೊರಜಗತ್ತಿಗೆ ಮೊದಲು ಸಾರಿದ್ದು ಜಪಾನೀಯರ ಕೈಯಲ್ಲಿದ್ದ ಸೈಗಾನ್ ರೇಡಿಯೊ. ತನ್ನೂರಿನ ಸುದ್ದಿಯನ್ನು ಶತ್ರುವಿನ ಬಾಯಿಂದ ಕೇಳುವ ಗತಿ ಬಂದಾಗ ಜನ ಗಾಳಿಸುದ್ದಿಯನ್ನೇ ನಂಬುತ್ತಾರೆ. ಜಪಾನಿನ ವಿಮಾನ ಬಂದು ಬಾಂಬು ಹಾಕಿತು ಎಂದು ನಂಬಿದವರು ಮುಂಬೈಯಲ್ಲಿ ಬೇಕಾದಷ್ಟಿದ್ದರು.

ಆ ಬೆಂಕಿಯಲ್ಲಿ ಗೋದಾಮುಗಳ ಧಾನ್ಯವೂ ಸುಟ್ಟುಹೋಯಿತು. ಅದು ಬರೇ ನಷ್ಟದ ಮಾತಲ್ಲ, ಹೊಟ್ಟೆಯ ಮಾತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನಿನ ಕೈಸೇರಿದಂದಿನಿಂದ ಬರ್ಮಾ ಅಕ್ಕಿ ನಿಂತಿತ್ತು. ದೇಶದಲ್ಲಿ ಮೊತ್ತಮೊದಲು ರೇಷನ್ ಪದ್ಧತಿಗೆ ಬಂದ ಊರು ಮುಂಬೈ, 1943ರ ಮೇನಲ್ಲಿ. ಅಕ್ಕಿ ಸಿಗದ ಕಾಲದಲ್ಲಿ ಇಡ್ಲಿ, ದೋಸೆ ನಂಬಿ ಬದುಕುವ ಹೋಟೆಲುಗಳ ಪಾಡು ಹೇಗಿದ್ದೀತು? ಮಾಟುಂಗಾ ಸ್ಟೇಷನ್ ಪಕ್ಕದ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾದದ್ದು 1942ರಲ್ಲಿ, ಆ ಇಕ್ಕಟ್ಟಿನ ನಡುವೆಯೇ. ಬೆಂಗಳೂರಿನ ಎಂಟಿಆರ್‌ನವರು ರವೆ ಇಡ್ಲಿ ಹುಟ್ಟಿದ್ದು ಯುದ್ಧಕಾಲದ ಅಕ್ಕಿಯ ಅಭಾವದಿಂದ ಎಂದು ಹೇಳುತ್ತ ಬಂದಿದ್ದಾರೆ. ಇಂದು ಗೋಡಂಬಿ ಒತ್ತಿ ತುಪ್ಪ ಸುರಿದು ತಿನ್ನುವ ತಿಂಡಿಯ ಹಿಂದೆ ಬರ್ಮಾ ರಣರಂಗ ಇದೆ ಎಂದು ಯಾರಿಗೆ ನೆನಪಿರುತ್ತದೆ!

ಮಹಾಯುದ್ಧದಿಂದ ಮುಂಬೈ ಕಳೆದುಕೊಂಡದ್ದಾಯಿತು. ಗಳಿಸಿದ ಕಥೆ ಅದಕ್ಕಿಂತ 80 ವರ್ಷ ಹಳೆಯದು, ಅದರಲ್ಲಿ ಕನ್ನಡನಾಡಿನ ಪಾಲೂ ದೊಡ್ಡದಿದೆ.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿತು. ಲ್ಯಾಂಕಶೈರಿನ ಗಿರಣಿಗಳಿಗೆ ಬೇಕಾದ ಹತ್ತಿಯ ಮುಕ್ಕಾಲು ಪಾಲು ಬರುತ್ತಿದ್ದುದು ಅಲ್ಲಿಂದ. ಅದು ನಿಂತಾಗ ಇಂಗ್ಲೆಂಡ್ ತಿರುಗಿ ನೋಡಿದ್ದು ಮುಂಬೈಯತ್ತ. ಮುಂಬೈ ಕೈಚಾಚಿದ್ದು ಗುಜರಾತ್, ವಿದರ್ಭ, ಧಾರವಾಡದತ್ತ. ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ಬಿತ್ತಿದ್ದರು. 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲೇ ಅದು ಮಾರಾಟವಾಗುತ್ತಿತ್ತು. ನಾಡತಳಿಗೆ ವ್ಯಾಪಾರದಲ್ಲಿ 'ಕುಮಟಾ ಹತ್ತಿ' ಎಂದು ಹೆಸರು. ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ದೋಣಿ ಹತ್ತುತ್ತಿದ್ದ ಕಾರಣಕ್ಕೆ ಆ ಹೆಸರು. ಘಟ್ಟಕ್ಕೆ ಒಳ್ಳೆಯ ರಸ್ತೆ ಬೇಕು, ಕಾರವಾರದ ಸದಾಶಿವಗಡದಲ್ಲಿ ದೊಡ್ಡ ಹಡಗಿಗೆ ಬಂದರು ಬೇಕು, ಮದ್ರಾಸ್ ಸರಕಾರ ಇದಕ್ಕೆ ಕಿವಿಗೊಡುತ್ತಿಲ್ಲ ಎಂದು ಮ್ಯಾಂಚೆಸ್ಟರಿನ ವರ್ತಕರ ತಕರಾರು ಮೊದಲೇ ಇತ್ತು. ಅಮೆರಿಕದ ಯುದ್ಧ ಅದಕ್ಕೆ ತುರ್ತು ತಂದಿತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. 1956ರ ಏಕೀಕರಣದವರೆಗೂ ಅದು ಅಲ್ಲೇ ಉಳಿಯಿತು. ಕಾರವಾರ, ಅಂಕೋಲದವರಿಗೆ ಮುಂಬೈ ಹತ್ತಿರದ ಊರಾಗಿ, ದಕ್ಷಿಣ ಕನ್ನಡದವರಿಗೆ ಮದ್ರಾಸ್ ಕಚೇರಿಯಾಗಿ, ಒಂದೇ ಕರಾವಳಿ 90 ವರ್ಷಕ್ಕೂ ಹೆಚ್ಚು ಕಾಲ ಎರಡು ರಾಜಧಾನಿಗಳತ್ತ ಮುಖಮಾಡಿ ಕೂತದ್ದರಲ್ಲಿ ಹತ್ತಿಯ ಲೆಕ್ಕಾಚಾರದ ಕೈ ದೊಡ್ಡದು.

ಮುಂಬೈಗೆ ಹಣದ ಹೊಳೆ ಹರಿಯಿತು. ಆ ನಾಲ್ಕೈದು ವರ್ಷಗಳಲ್ಲಿ ಊರಿಗೆ ಬಂದ ಹೆಚ್ಚುವರಿ ಲಾಭ 7 ಕೋಟಿ ಪೌಂಡಿಗೂ ಮೇಲೆ ಎಂಬ ಅಂದಾಜಿದೆ. ಹಣ ಹೆಚ್ಚಾದರೆ ಅದಕ್ಕೆ ಇಳಿಯಲು ಜಾಗ ಬೇಕು. ಬ್ಯಾಂಕುಗಳು ಹುಟ್ಟಿದವು, ಹಣಕಾಸು ಕಂಪನಿಗಳು ಹುಟ್ಟಿದವು, ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳು ಹುಟ್ಟಿದವು. ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000ಕ್ಕೆ ಹೋಯಿತು. ಎಲ್ಲದರ ನಡುವೆ ಪ್ರೇಮಚಂದ್ ರಾಯಚಂದ್ ಎಂಬ ದಲ್ಲಾಳಿ. ಅವನು ಕೈಯಿಟ್ಟ ಷೇರು ಏರುತ್ತದೆ ಎಂಬ ನಂಬಿಕೆ. ಅದೆಲ್ಲ ನಿಂತಿದ್ದುದು ವರ್ಜೀನಿಯದಲ್ಲಿ ಜನ ಸಾಯುತ್ತಿರಬೇಕು ಎಂಬ ಒಂದೇ ಆಧಾರದ ಮೇಲೆ. ಯುದ್ಧ ಮುಗಿಯಬಹುದೆಂಬ ಸುದ್ದಿ ಬಂದಾಗಲೆಲ್ಲ ಮುಂಬೈ ಬಜಾರ್ ಬೆವರುತ್ತಿತ್ತು.

1865ರ ಏಪ್ರಿಲ್ 9ರಂದು ಜನರಲ್ ಲೀ ಶರಣಾದ. ವಾಯಿದೆಯ ಷೇರು ವ್ಯವಹಾರಗಳೆಲ್ಲ ಚುಕ್ತಾ ಆಗಬೇಕಿದ್ದ ದಿನ ಜುಲೈ 1. ಅಂದು ಕೊಡಬೇಕಾದವರ ಕೈಯಲ್ಲಿ ಹಣವಿರಲಿಲ್ಲ, ಪಡೆಯಬೇಕಾದವರೂ ಇನ್ನೊಬ್ಬರಿಗೆ ಕೊಡಬೇಕಾದವರೇ. ಕಂಪನಿಗಳು ಸಾಲಾಗಿ ಮಗುಚಿದವು. ಸರಕಾರದ ಪಾಲಿದ್ದ ಬ್ಯಾಂಕ್ ಆಫ್ ಬಾಂಬೆಯೇ ಕೆಲವು ವರ್ಷಗಳಲ್ಲಿ ಬಾಗಿಲು ಹಾಕಿತು. 1864ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 8,16,562. 1872ರಲ್ಲಿ 6,44,405. ಏಳೆಂಟು ವರ್ಷಗಳಲ್ಲಿ ಮುಂಬೈ ಚಿಕ್ಕದಾಯಿತು ಎಂದರೆ ಈಗಿನವರು ನಂಬಲಿಕ್ಕಿಲ್ಲ. ಪ್ರೇಮಚಂದನೂ ಮುಳುಗಿದ. ಆದರೆ ಒಳ್ಳೆಯ ದಿನಗಳಲ್ಲಿ ಅವನು ಕೊಟ್ಟ ದಾನದಿಂದ ವಿಶ್ವವಿದ್ಯಾಲಯದ ಗಡಿಯಾರ ಗೋಪುರ ಎದ್ದಿತು. ಅವನ ತಾಯಿ ರಾಜಾಬಾಯಿಯ ಹೆಸರು ಹೊತ್ತ ಆ ಗೋಪುರ ಇಂದಿಗೂ ಓವಲ್ ಮೈದಾನಕ್ಕೆ ಗಂಟೆ ಹೇಳುತ್ತಿದೆ.

ಈ ಕಥೆಯನ್ನು ಇಷ್ಟುದ್ದ ಹೇಳಿದ್ದಕ್ಕೆ ಕಾರಣ 2022ರ ನಂತರದ ರಷ್ಯನ್ ತೈಲ. ಉಕ್ರೇನ್ ಮೇಲೆ ರಷ್ಯ ದಂಡೆತ್ತಿ ಹೋದಾಗ ಪಶ್ಚಿಮದವರು ಅದರ ತೈಲಕ್ಕೆ ಬೆನ್ನು ತಿರುಗಿಸಿದರು. ಅಗ್ಗಕ್ಕೆ ಸಿಕ್ಕಿದ್ದನ್ನು ಭಾರತ ಕೊಂಡಿತು. ಯುದ್ಧಕ್ಕೆ ಮುಂಚೆ ಭಾರತದ ತೈಲ ಆಮದಿನಲ್ಲಿ ರಷ್ಯದ ಪಾಲು ಶೇ 2ಕ್ಕೂ ಕಡಿಮೆ, ಎರಡು ವರ್ಷಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು. ಶುದ್ಧೀಕರಣ ನಡೆಯುವುದು ಗುಜರಾತಿನ ಜಾಮ್‌ನಗರ, ವಾಡಿನಾರಿನಲ್ಲಿ. ಲೆಕ್ಕಪುಸ್ತಕ ಇರುವುದು ಮುಂಬೈಯ ಕಚೇರಿಗಳಲ್ಲಿ. ಬಡದೇಶ ಅಗ್ಗದ ತೈಲ ಕೊಳ್ಳುವುದು ತಪ್ಪೆಂದು ಹೇಳುವ ನೈತಿಕ ಹಕ್ಕು ರಷ್ಯದ ಗ್ಯಾಸನ್ನು ದಶಕಗಟ್ಟಲೆ ಉರಿಸಿದ ಯುರೋಪಿಗೆ ಎಷ್ಟಿದೆ ಎಂಬ ಪ್ರಶ್ನೆ ನ್ಯಾಯವೇ. ಆದರೆ 1865ರ ಬಜಾರಿನಂತೆ ಇಲ್ಲಿಯೂ ಲಾಭಕ್ಕೆ ಆಧಾರ ಬೇರೆಯವರ ರಣರಂಗ. ಬಿಲ್ಲು ಬರುವುದು ತಡವಾಯಿತು, ಬರದೆ ಇರಲಿಲ್ಲ.

2025ರ ಜುಲೈ 18ರಂದು ಯುರೋಪಿಯನ್ ಒಕ್ಕೂಟ ವಾಡಿನಾರ್ ಸಂಸ್ಕರಣಾಗಾರದ ಒಡೆಯ ನಯಾರಾ ಎನರ್ಜಿಯ ಮೇಲೆ ನಿರ್ಬಂಧ ಹೇರಿತು. ರಷ್ಯದ ರಾಸ್‌ನೆಫ್ಟ್‌ಗೆ ಅದರಲ್ಲಿ ಶೇ 49ರಷ್ಟು ಪಾಲಿದೆ. ಕೆಲವೇ ದಿನಗಳಲ್ಲಿ ಕಂಪನಿಯ ನೌಕರರ ಇಮೇಲ್ ತೆರೆಯಲಿಲ್ಲ. ಮೈಕ್ರೊಸಾಫ್ಟ್ ಸೇವೆ ನಿಲ್ಲಿಸಿತ್ತು. ನಯಾರಾ ದೆಹಲಿ ಹೈಕೋರ್ಟಿಗೆ ಹೋಯಿತು, ಸೇವೆ ಮರಳಿತು. ಬ್ರಸೆಲ್ಸ್‌ನಲ್ಲಿ ತೆಗೆದುಕೊಂಡ ತೀರ್ಮಾನ, ಅಮೆರಿಕದ ಕಂಪನಿಯ ಸ್ವಿಚ್ಚು, ಮುಂಬೈಯ ಮೇಜಿನ ಮೇಲೆ ಸತ್ತ ಪರದೆ. ಗುಂಡು ಹಾರಿಸದೆ ಯುದ್ಧ ಮಾಡುವುದೆಂದರೆ ಇದು. ಅದೇ ವರ್ಷದ ಆಗಸ್ಟ್ 27ರಿಂದ ರಷ್ಯನ್ ತೈಲದ ನೆಪದಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಇನ್ನೂ ಶೇ 25 ಸುಂಕ ಹಾಕಿ ಒಟ್ಟು ಶೇ 50 ಮಾಡಿತು. ಅಂಧೇರಿಯ ಸೀಪ್ಜ್‌ನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣೊತ್ತಿ ವಜ್ರ ಕೂರಿಸುವ ಕುಶಲಕರ್ಮಿಗಳ ಮಾಲಿಗೆ ಅಮೆರಿಕವೇ ಮುಖ್ಯ ಗಿರಾಕಿ. ತೈಲ ಕೊಂಡವರು ಬೇರೆ, ಸುಂಕದ ಏಟು ತಿಂದವರು ಬೇರೆ. 2026ರ ಫೆಬ್ರವರಿಯಲ್ಲಿ ಸುಂಕ ಇಳಿಸುವ ಘೋಷಣೆ ಬರುವಷ್ಟರಲ್ಲಿ ಹಬ್ಬದ ಸೀಸನ್ನಿನ ಆರ್ಡರುಗಳು ಕೈತಪ್ಪಿಯಾಗಿತ್ತು.

ಯುದ್ಧದ ಹವಾಮಾನವನ್ನು ಎಲ್ಲರಿಗಿಂತ ಮೊದಲು ಅಳೆಯುವವರು ಜನರಲ್‌ಗಳಲ್ಲ, ಕೇಂದ್ರೀಯ ಬ್ಯಾಂಕುಗಳವರು. ಫೋರ್ಟಿನ ಮಿಂಟ್ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕಿನ ಚಿನ್ನದ ಓಡಾಟ ನೋಡಿದರೆ ಇದು ತಿಳಿಯುತ್ತದೆ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ನುಂಗಿತು. ಅಲ್ಲಿನ ಭಾರತೀಯರನ್ನು ಕರೆತರಲು ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು 488 ಸಲ ಹಾರಿದವು. ಭೂಮಾರ್ಗ, ಸಮುದ್ರಮಾರ್ಗ ಸೇರಿ ಸುಮಾರು 1.7 ಲಕ್ಷ ಭಾರತೀಯರು ಮರಳಿದರು. ಸಹಾರ್ ವಿಮಾನ ನಿಲ್ದಾಣದಲ್ಲಿ ಇಳಿದ ಕರಾವಳಿಯವರ ಮುಂದೆ ಮಂಗಳೂರಿಗೆ ರಾತ್ರಿ ಬಸ್ಸು ಹಿಡಿಯುವ ದಾರಿಯೇ ಮುಖ್ಯ, ಆಗಿನ್ನೂ ಕೊಂಕಣ ರೈಲ್ವೆ ಇರಲಿಲ್ಲ. ಅತ್ತ ಕೊಲ್ಲಿಯಿಂದ ಬರುವ ಹಣ ಸೊರಗಿತು, ಇತ್ತ ತೈಲದ ಬೆಲೆ ಏರಿತು. ಮೊದಲೇ ಬಡಕಲಾಗಿದ್ದ ವಿದೇಶಿ ವಿನಿಮಯ ಎರಡು ಮೂರು ವಾರದ ಆಮದಿಗೂ ಸಾಲದಷ್ಟು ಕರಗಿತು. 1991ರ ಜುಲೈಯಲ್ಲಿ ಸುಮಾರು 47 ಟನ್ ಚಿನ್ನ ಬಿಗಿಪಹರೆಯಲ್ಲಿ ಫೋರ್ಟಿನಿಂದ ವಿಮಾನ ನಿಲ್ದಾಣಕ್ಕೆ ಹೋಗಿ, ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಡವು ಬಿತ್ತು. ದಾರಿಯಲ್ಲಿ ಒಂದು ವಾಹನದ ಟೈರ್ ಸಿಡಿದು ಕಾವಲಿನವರ ಎದೆ ಝಲ್ಲೆಂದಿತೆಂದು ಆಮೇಲೆ ವರದಿಗಳಲ್ಲಿ ಬಂತು. ಸಿಕ್ಕ ಸಾಲ 40.5 ಕೋಟಿ ಡಾಲರ್.

ಈಗ ಚಿನ್ನ ತಿರುಗಿ ಬರುತ್ತಿದೆ. 2022ರಲ್ಲಿ ಪಶ್ಚಿಮದ ದೇಶಗಳು ರಷ್ಯದ ಸುಮಾರು 30,000 ಕೋಟಿ ಡಾಲರ್ ವಿದೇಶಿ ನಿಧಿಯನ್ನು ಹೆಪ್ಪುಗಟ್ಟಿಸಿದವು. ಪರರ ತಿಜೋರಿಯಲ್ಲಿಟ್ಟ ಹಣ ಒಂದು ದಿನ ತನ್ನದಲ್ಲವಾಗಬಹುದು ಎಂಬುದು ಆಗ ಎಲ್ಲ ದೇಶಗಳಿಗೂ ಅರಿವಾಯಿತು. 2024ರ ಮಾರ್ಚ್ ಕೊನೆಗೆ ರಿಸರ್ವ್ ಬ್ಯಾಂಕಿನ 822 ಟನ್ ಚಿನ್ನದಲ್ಲಿ 408 ಟನ್ ದೇಶದೊಳಗಿತ್ತು. ಆರೇ ತಿಂಗಳಲ್ಲಿ ಒಳಗಿನದು 510 ಟನ್ ಆಯಿತು. ಬ್ಯಾಂಕಿನವರು ಇದಕ್ಕೆ ಇಡುವ ಜಾಗ, ಖರ್ಚಿನ ಕಾರಣಗಳನ್ನು ಹೇಳಬಹುದು. ಆದರೆ ಟನ್‌ಗಟ್ಟಲೆ ಚಿನ್ನವನ್ನು ಲಂಡನ್ನಿನಿಂದ ವಿಮಾನದಲ್ಲಿ ಹೊತ್ತು ತರುವವರು ಶಾಂತಿಯ ಕಾಲ ಬರುತ್ತಿದೆ ಎಂದು ನಂಬಿದವರಂತೂ ಅಲ್ಲ.

ಮುಂಬೈಯಿಂದ ಉತ್ತರಕ್ಕೆ, ಪಾಲ್ಘರ್ ಜಿಲ್ಲೆಯ ತಾರಾಪುರದ ಮೊದಲ ಎರಡು ಅಣುಸ್ಥಾವರಗಳ ಕಥೆ ಚಿಕ್ಕದಾದರೂ ಬಿಡುವಂತಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಟ್ಟಿದ ಅವು 1969ರಲ್ಲಿ ವಿದ್ಯುತ್ ಕೊಡಲು ಆರಂಭಿಸಿದವು. ಟ್ರಾಂಬೆಯ ಭಾಭಾ ಕೇಂದ್ರದ ಮುಖ್ಯಸ್ಥರಾಗಿದ್ದ, ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಮುಂದಾಳುತನದಲ್ಲಿ 1974ರ ಮೇ 18ರಂದು ಪೋಖ್ರಾನ್ ಪರೀಕ್ಷೆ ನಡೆಯಿತು. ಅಮೆರಿಕ ಮುನಿಸಿಕೊಂಡು 1978ರಲ್ಲಿ ಕಾನೂನು ಮಾಡಿ, ಬರಬರುತ್ತ ಇಂಧನ ನಿಲ್ಲಿಸಿತು. ಬಳಿಕ ಕೊಟ್ಟದ್ದು ಫ್ರಾನ್ಸ್. ಆಮೇಲೆ ಚೀನಾ, ಹೌದು, ಚೀನಾ. ಅದರ ನಂತರ ರಷ್ಯ. ಒಂದೇ ಒಲೆಗೆ ನಾಲ್ಕು ಮಹಾಶಕ್ತಿಗಳ ಸೌದೆ. ಅವರವರ ನಡುವೆ ಆಗದಿದ್ದುದೇ ಭಾರತಕ್ಕೆ ಅನುಕೂಲವಾಯಿತು ಎನ್ನುವವರಿದ್ದಾರೆ. ಆ ಕಾಲ ಹೀಗೆ ಬಳಸಿಕೊಳ್ಳಲು ಸಾಕಷ್ಟು ಸಡಿಲವಿತ್ತು ಎನ್ನುವುದು ಹೆಚ್ಚು ಸರಿ. 1971ರಲ್ಲಿ ಮುಂಬೈಯಿಂದ ಹೋಗಿ ಕರಾಚಿಯನ್ನು ಹೊಡೆದ ಕ್ಷಿಪಣಿ ದೋಣಿಗಳು ಸೋವಿಯತ್ ನಿರ್ಮಿತ. ಭಾರತವನ್ನು ಬೆದರಿಸಲು ಬಂಗಾಳ ಕೊಲ್ಲಿಗೆ ಬಂದ 'ಎಂಟರ್‌ಪ್ರೈಸ್' ಅಮೆರಿಕದ್ದು. ಎರಡು ಬಣ, ಎರಡು ಬಾಗಿಲು. ಇಂದು ಬಾಗಿಲುಗಳು ಹೆಚ್ಚಾಗಿವೆ, ಎಲ್ಲದಕ್ಕೂ ಬೇರೆಬೇರೆ ಬೀಗ. ಬುಲೆಟ್ ರೈಲಿಗಾಗಿ ಬಾಂದ್ರಾ ಕುರ್ಲಾ ಸಂಕೀರ್ಣದಿಂದ ಶಿಲ್‌ಫಾಟಾದವರೆಗೆ 21 ಕಿಲೋಮೀಟರ್ ಸುರಂಗ, ಅದರಲ್ಲಿ 7 ಕಿಲೋಮೀಟರ್ ಠಾಣೆ ಖಾರಿಯ ನೀರಿನಡಿ. ಕೊರೆಯುವ ಯಂತ್ರಕ್ಕೆ ಜಪಾನಿನ ಸಾಲದ ಯೋಜನೆ ಆರ್ಡರ್ ಕೊಟ್ಟದ್ದು ಜರ್ಮನ್ ಕಂಪನಿಗೆ. ಕಂಪನಿ ತಯಾರಿಸಿದ್ದು ಚೀನಾದಲ್ಲಿ. 2025ರಲ್ಲಿ ಚೀನಾದ ಅನುಮತಿ ಸಿಗದೆ ಯಂತ್ರಗಳು ಅಲ್ಲೇ ಕೂತವು.

ಉಳಿದದ್ದು ಹಾರ್ಮುಜ್. ಇರಾನಿಗೂ ಒಮಾನಿಗೂ ನಡುವಿನ ಈ ಜಲಸಂಧಿಯಲ್ಲಿ ಹಡಗು ಹೋಗಲು ಒಂದು ಓಣಿ, ಬರಲು ಒಂದು, ತಲಾ ಮೂರು ಕಿಲೋಮೀಟರಿನಷ್ಟೇ ಅಗಲ. 2024ರಲ್ಲಿ ದಿನಕ್ಕೆ ಸುಮಾರು 2 ಕೋಟಿ ಬ್ಯಾರಲ್ ತೈಲ ಇಲ್ಲಿ ಹಾದುಹೋಯಿತು. ಅದು ಜಗತ್ತು ಬಳಸುವುದರ ಐದನೇ ಒಂದು ಭಾಗ. 2025ರ ಜೂನ್‌ನಲ್ಲಿ ಇಸ್ರೇಲ್, ಇರಾನ್ ಹನ್ನೆರಡು ದಿನ ಹೊಡೆದಾಡಿ, ನಡುವೆ ಅಮೆರಿಕ ಬಾಂಬು ಹಾಕಿದಾಗ, ಇರಾನಿನ ಸಂಸತ್ತು ಜಲಸಂಧಿ ಮುಚ್ಚಲು ಒಪ್ಪಿಗೆ ಸೂಚಿಸಿತ್ತು. ಭಾರತ ಬಳಸುವ ಅಡುಗೆ ಅನಿಲದ ಅರ್ಧಕ್ಕಿಂತ ಹೆಚ್ಚು ಆಮದು, ಅದರ ಬಹುಪಾಲು ಕೊಲ್ಲಿಯದು. ಹೋಟೆಲಿನವರು ಬಳಸುವ 19 ಕಿಲೋ ಸಿಲಿಂಡರಿನ ದರ ತಿಂಗಳಿಗೊಮ್ಮೆ, ಒಂದನೇ ತಾರೀಕು ಬದಲಾಗುತ್ತದೆ. ಅದಕ್ಕೆ ಅಳತೆಗೋಲು ಸೌದಿ ಅರಾಮ್ಕೊ ಪ್ರತಿ ತಿಂಗಳು ಸಾರುವ ದರ. ಉಕ್ರೇನ್ ಯುದ್ಧದ ಬಿಸಿಗೆ 2022ರ ಮೇನಲ್ಲಿ ದೊಡ್ಡ ನಗರಗಳಲ್ಲಿ ಅದು 2,300 ರೂಪಾಯಿ ದಾಟಿತ್ತು. ಅದೇ ಹೊತ್ತಿಗೆ ಉಕ್ರೇನಿನ ಸೂರ್ಯಕಾಂತಿ ಎಣ್ಣೆಯೂ ನಿಂತಿತು, ಇಂಡೋನೇಷ್ಯ ತಾಳೆ ಎಣ್ಣೆಯ ರಫ್ತನ್ನೂ ತಡೆಯಿತು. ಮಾಟುಂಗಾ, ಡೊಂಬಿವಲಿ, ಮೀರಾ ರೋಡಿನ ಶೆಟ್ಟರ ಹೋಟೆಲಿನ ಅಡುಗೆಮನೆಯಲ್ಲಿ ಒಲೆ ಮತ್ತು ಬಾಣಲೆ ಎರಡಕ್ಕೂ ಏಕಕಾಲಕ್ಕೆ ಪೆಟ್ಟು. ಮೆದುವಡೆಯ ದರ ಏರಿಸಿದರೆ ಗಿರಾಕಿ ಗಲ್ಲಾದ ಮುಂದೆ ಮುಖ ಸಿಂಡರಿಸುತ್ತಾನೆ, ಏರಿಸದಿದ್ದರೆ ಹುಡುಗರ ಸಂಬಳಕ್ಕೆ ಕೊರತೆ.

ದರ ಏರಿದರೆ ಇಳಿಯುವುದೂ ಇದೆ. ಇಳಿಯದ ಬೆಲೆ ತೆರುವವರು ಹಡಗಿನವರು. ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತು ಕಡಲೇ ಸಮಾಧಿಯಾದ ಎರಡು ಸಾವಿರಕ್ಕೂ ಹೆಚ್ಚು ಭಾರತೀಯ ನಾವಿಕರ ಸ್ಮಾರಕ ಇದೆ. ಆ ಯುದ್ಧದಲ್ಲಿ ಜರ್ಮನಿಯ 'ವೋಲ್ಫ್' ಕದ್ದು ಬಂದು ಮುಂಬೈಯ ಹೊರಗಡಲಿನಲ್ಲಿ ಮೈನು ಬಿತ್ತಿಹೋಗಿತ್ತು. 1917ರ ಜೂನ್‌ನಲ್ಲಿ ಪಿ ಆಂಡ್ ಒ ಕಂಪನಿಯ 'ಮಂಗೋಲಿಯಾ' ಅದಕ್ಕೆ ಬಡಿದು ಮುಳುಗಿತು. ಈಗಿನ ನಾವಿಕನ ಸ್ಥಿತಿ ಕಾಗದದ ಮೇಲೆ ಉತ್ತಮ. 2024ರ ಮಾರ್ಚ್‌ನಲ್ಲಿ ಹೂಥಿ ಕ್ಷಿಪಣಿಗೆ 'ಟ್ರೂ ಕಾನ್ಫಿಡೆನ್ಸ್' ಹಡಗಿನ ಮೂವರು ಸತ್ತರು, ಉಳಿದ 21 ಮಂದಿಯನ್ನು ಮಜಗಾಂವ್ ಡಾಕಿನಲ್ಲಿ ನಿರ್ಮಾಣವಾದ ಐಎನ್‌ಎಸ್ ಕೋಲ್ಕತ್ತ ಎತ್ತಿ ತಂದಿತು. ಅಂತಾರಾಷ್ಟ್ರೀಯ ಕಾರ್ಮಿಕ ಒಪ್ಪಂದದಂತೆ ಕೆಂಪು ಸಮುದ್ರದ ದಕ್ಷಿಣ ಭಾಗ ಯುದ್ಧವಲಯ. ಅಲ್ಲಿಗೆ ಹೋಗುವ ಹಡಗಿನವರಿಗೆ ಮೂಲವೇತನ ಎರಡು ಪಟ್ಟು, ಸತ್ತರೆ ಪರಿಹಾರ ಎರಡು ಪಟ್ಟು, ಬೇಡವೆಂದರೆ ಕಂಪನಿಯ ಖರ್ಚಿನಲ್ಲಿ ಮನೆಗೆ ಮರಳುವ ಹಕ್ಕು. ಆದರೆ ಈ ಕಲಮುಗಳು ಆ ಒಪ್ಪಂದಕ್ಕೆ ಸಹಿ ಹಾಕಿದ ಕಂಪನಿಗಳ ಹಡಗುಗಳಿಗಷ್ಟೇ. ಕಾಂಜೂರ್‌ಮಾರ್ಗದಲ್ಲಿರುವ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್, ನಾವಿಕರ ನೇಮಕಾತಿಗೆ ಪರವಾನಗಿ ಪಡೆದ ಏಜೆನ್ಸಿಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಪಟ್ಟಿಯಲ್ಲಿಲ್ಲದ ಏಜೆಂಟನಿಗೆ ಲಕ್ಷಗಟ್ಟಲೆ ಸುರಿದು ಹಳೆಯ ಟ್ಯಾಂಕರ್ ಹತ್ತುವ ಹುಡುಗನಿಗೆ ಇವುಗಳಲ್ಲಿ ಒಂದೂ ಸಿಗುವುದಿಲ್ಲ.